ಕೊಡಗಿನ ಹೂವಿನ ಪಾತಿಗೆ ಯಾವ ಗೆಡ್ಡೆ, ಜೊತೆಗೆ ಯಾವ ಗಿಡ?

ಅಕ್ಟೋಬರ್ ಬಂತು ಅಂದ್ರೆ ಸಾಕು, ಫೋನ್ ತೆರೆದಲ್ಲೆಲ್ಲ ಟ್ಯೂಲಿಪ್ ಗೆಡ್ಡೆಯ ಜಾಹೀರಾತು. ಕೆಂಪು, ಹಳದಿ, ನೇರಳೆ ಹೂಗಳ ಉದ್ದುದ್ದ ಸಾಲು. ಮಡಿಕೇರಿಯ ಚಳಿಗೆ, ಮಂಜಿಗೆ ಇವು ಬಂದೇ ಬರುತ್ತವೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮನೆ ಮುಂದಿನ ಬಾರ್ಡರ್‌ಗೆ ಏನು ಹಾಕೋದು ಅಂತ ಕೇಳುವವರ ಮೊದಲ ಪ್ರಶ್ನೆಯೂ ಹೆಚ್ಚಾಗಿ ಇದೇ. ಟ್ಯೂಲಿಪ್ ಹಾಕೋದಾ, ಅಮರಿಲ್ಲಿಸ್ ಹಾಕೋದಾ?

ಕೊಡಗಿನಲ್ಲಿ ಗೆಡ್ಡೆ ಆರಿಸುವಾಗ ಚಳಿಯನ್ನಲ್ಲ, ಮಳೆಯನ್ನು ಲೆಕ್ಕಕ್ಕೆ ತಗೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೆಡ್ಡೆ ಮಣ್ಣಿನೊಳಗೆ ಏನು ಮಾಡುತ್ತಿರುತ್ತದೆ, ಮಲಗಿರುತ್ತದಾ, ಬೆಳೆಯುತ್ತಿರುತ್ತದಾ? ಮಲಗಿರುವ ಗೆಡ್ಡೆಯ ಮೇಲೆ ನಾಲ್ಕು ತಿಂಗಳು ಬಿಡದೆ ಮಳೆ ಸುರಿದರೆ ಅದು ಕೊಳೆತು ಹೋಗುತ್ತದೆ. ಬೆಳೆಯುತ್ತಿರುವ ಗೆಡ್ಡೆ ಅದೇ ಮಳೆ ಕುಡಿದು ಮುಂದಿನ ವರ್ಷದ ಹೂವಿಗೆ ದಪ್ಪ ಆಗುತ್ತದೆ. ಅಂಗಡಿಯವರು ಪ್ಯಾಕೆಟ್ ಮೇಲೆ ಬಣ್ಣ, ಎತ್ತರ, ಬಿಸಿಲು ಎಲ್ಲ ಬರೆದಿರುತ್ತಾರೆ. ಇದೊಂದನ್ನು ಬರೆದಿರುವುದಿಲ್ಲ.

ಕೊಡಗು ಅಂದ್ರೆ ಎಲ್ಲ ಕಡೆ ಒಂದೇ ಹವೆಯೂ ಅಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ವರ್ಷದ ಮಳೆ 3,000 ಮಿ.ಮೀ. ಆಸುಪಾಸು. ಭಾಗಮಂಡಲದ ಕಡೆ 5,000 ದಾಟುವುದು ಹೊಸದೇನಲ್ಲ. ಅದೇ ಮಡಿಕೇರಿಯಿಂದ ಪೂರ್ವಕ್ಕೆ 30 ಕಿ.ಮೀ. ಇಳಿದು ಕುಶಾಲನಗರಕ್ಕೆ ಬಂದರೆ ಸಾವಿರದ ಆಸುಪಾಸು. ಹಾಗಾಗಿ ಕುಶಾಲನಗರದ ನೆಂಟರ ಮನೆಯಲ್ಲಿ ಸುಗಂಧರಾಜ ಸೊಂಪಾಗಿ ಬಂದಿದೆ ಅಂತ ಮಳೆ ಜಾಸ್ತಿ ಇರುವ ನಾಪೋಕ್ಲಿನಲ್ಲಿ ಹಾಕಿದರೆ ಅದು ಹಾಗೇ ಬರಬೇಕು ಅಂತೇನಿಲ್ಲ. ನಮ್ಮ ಕಡೆ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರಲ್ವಾ, ಆ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ತೆಗೆದು ನೋಡಿ. ಹೂವಿನ ಗಿಡ ಆರಿಸಲು ಯಾವ ನರ್ಸರಿ ಕ್ಯಾಟಲಾಗ್‌ಗಿಂತಲೂ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ಟ್ಯೂಲಿಪ್ ವಿಷಯ ಮುಗಿಸೋಣ

ಟ್ಯೂಲಿಪ್ ಗೆಡ್ಡೆಯೊಳಗಿನ ಮೊಗ್ಗು ಮೇಲೆ ಬರಬೇಕಾದರೆ 12ರಿಂದ 16 ವಾರ ಸುಮಾರು 9 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಒಂದೆರಡು ರಾತ್ರಿಯ ಚಳಿ ಸಾಲದು, ವಾರಗಟ್ಟಲೆ ಮಣ್ಣೇ ತಣ್ಣಗಿರಬೇಕು. ಶ್ರೀನಗರದಲ್ಲಿ ದಾಲ್ ಸರೋವರದ ಪಕ್ಕ 2007ರಲ್ಲಿ ಶುರುವಾದ ಟ್ಯೂಲಿಪ್ ತೋಟದಲ್ಲಿ ಮಾರ್ಚ್ ಕೊನೆಗೆ ಹೂ ಬರುತ್ತದೆ ಅಂದ್ರೆ ಅಲ್ಲಿ ಅದಕ್ಕೆ ಮೊದಲು ಹಿಮದ ಚಳಿಗಾಲ ಕಳೆದಿರುತ್ತದೆ. ಮಡಿಕೇರಿಯಲ್ಲಿ ಜನವರಿ ರಾತ್ರಿ ನಮಗೆ ಎಷ್ಟೇ ಚಳಿ ಅನ್ನಿಸಿದರೂ ಮಧ್ಯಾಹ್ನದ ಬಿಸಿಲಿಗೆ ಮಣ್ಣು ಮತ್ತೆ ಬೆಚ್ಚಗಾಗುತ್ತದೆ.

ಆಸೆ ಇದ್ದರೆ ಒಂದು ದಾರಿ ಇದೆ. ಗೆಡ್ಡೆಯನ್ನು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಮೂರು ತಿಂಗಳು ಇಡಬೇಕು. ಅದೇ ಡಬ್ಬದಲ್ಲಿ ಸೇಬು, ಬಾಳೆಹಣ್ಣು ಇರಬಾರದು, ಯಾಕಂದ್ರೆ ಹಣ್ಣು ಮಾಗುವಾಗ ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಸತ್ತು ಹೋಗುತ್ತದೆ, ಆಮೇಲೆ ಬರೀ ಎಲೆ ಬರುತ್ತದೆ. ಕುಂಡದಲ್ಲಿ ನೆಟ್ಟು ತಂಪು ಜಾಗದಲ್ಲಿ ಇಟ್ಟರೆ ಒಂದು ಸಲ ಹೂ ನೋಡಬಹುದು. ಆ ಗೆಡ್ಡೆ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ಹಯಸಿಂತ್, ಚಳಿ ಕೊಟ್ಟು ಮಾರುವ ಏಶಿಯಾಟಿಕ್ ಲಿಲ್ಲಿ ಇವುಗಳ ಕಥೆಯೂ ಹೆಚ್ಚುಕಡಿಮೆ ಇದೇ. ಡ್ಯಾಫೋಡಿಲ್ ಜಾತಿಯಲ್ಲಿ ಚಿಕ್ಕ ಬಿಳಿ ಹೂವಿನ ಪೇಪರ್‌ವೈಟ್‌ಗೆ ಮಾತ್ರ ಚಳಿ ಬೇಡ. ಅದನ್ನು ಕುಂಡದಲ್ಲಿ ಬೆಳೆಸಬಹುದು, ವಾಸನೆಯೂ ಚೆನ್ನಾಗಿದೆ. ಆದರೆ ಬಾರ್ಡರ್‌ಗೆ, ಅಂದ್ರೆ ವರ್ಷ ವರ್ಷ ತಾನಾಗಿ ಬರಬೇಕಾದ ಪಾತಿಗೆ, ಇವು ಯಾವುವನ್ನೂ ನಾನು ಹೇಳುವುದಿಲ್ಲ.

ನಮ್ಮ ವಸಂತದ ಗೆಡ್ಡೆ ಅಮರಿಲ್ಲಿಸ್

ಕಾಫಿಗೆ ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬೀಳುವ ಹೊತ್ತಿಗೆ, ಮಾರ್ಚ್, ಏಪ್ರಿಲ್‌ನಲ್ಲಿ, ಹಳೆಯ ಮನೆಗಳ ಮೆಟ್ಟಿಲ ಪಕ್ಕ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕೆಂಪು ಹೂ ಎದ್ದು ನಿಲ್ಲುತ್ತದಲ್ಲ, ಅದೇ. ಸಸ್ಯಶಾಸ್ತ್ರದಲ್ಲಿ ಇದು ಹಿಪ್ಪಿಯಾಸ್ಟ್ರಮ್, ಮೂಲ ದಕ್ಷಿಣ ಅಮೆರಿಕ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಣಗಿ ಮಲಗುತ್ತದೆ. ಆಗ ನಮ್ಮಲ್ಲೂ ಮಳೆ ಇಲ್ಲ. ಮಳೆಗಾಲದಲ್ಲಿ ಎಲೆ ಬಿಟ್ಟು ಬೆಳೆಯುತ್ತದೆ. ಅದರ ವರ್ಷ, ನಮ್ಮ ವರ್ಷ ಎರಡೂ ಹೊಂದಿಕೊಂಡಿವೆ. ಇದಕ್ಕಿಂತ ಒಳ್ಳೆ ಆಯ್ಕೆ ಕೊಡಗಿಗೆ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಇದರಲ್ಲೂ ಎರಡು ಬಗೆ, ಇಲ್ಲಿ ಸ್ವಲ್ಪ ಯೋಚಿಸಿ ಆರಿಸಬೇಕು. ಒಂದು, ಅಜ್ಜಿಯಂದಿರ ಕಾಲದ ಊರ ಬಗೆ: ಕಿತ್ತಳೆ ಕೆಂಪಿನದು, ಇಲ್ಲವೇ ಕೆಂಪು ಎಸಳಿನ ನಡುವೆ ಬಿಳಿ ಗೆರೆ ಇರುವುದು. ಈ ಗೆರೆಯ ಹೂವಿನ ತಳಿ 1799ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಆರ್ಥರ್ ಜಾನ್ಸನ್ ಎಂಬ ಗಡಿಯಾರ ಕೆಲಸದವರು ಮಾಡಿದ ಮಿಶ್ರತಳಿಯಿಂದ ಬಂದದ್ದು. ಈ ಗುಂಪಿನ ಮೊದಲ ಮಿಶ್ರತಳಿ ಅದೇ. ಇನ್ನೊಂದು, ಈಗ ಡಬ್ಬದಲ್ಲಿ ಬರುವ ಡಚ್ ತಳಿಗಳು: ಅಂಗೈಗಿಂತ ದೊಡ್ಡ ಹೂ, ಗುಲಾಬಿ, ಬಿಳಿ, ಎರಡು ಸುತ್ತಿನ ಎಸಳು. ನೋಡಲು ಡಚ್ ಹೂವಿನ ಮುಂದೆ ಊರ ಹೂ ಸಪ್ಪೆ ಕಾಣಬಹುದು. ಆದರೆ ಊರ ಗೆಡ್ಡೆ ಪಕ್ಕದಲ್ಲಿ ಮರಿ ಹಾಕುತ್ತಾ ನಾಲ್ಕೈದು ವರ್ಷದಲ್ಲಿ ಒಂದು ಬುಟ್ಟಿ ಆಗುತ್ತದೆ, ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯನ್ನೂ ಲೆಕ್ಕಿಸುವುದಿಲ್ಲ. ಡಚ್ ಗೆಡ್ಡೆ ಮರಿ ಹಾಕುವುದು ಕಡಿಮೆ, ನೀರು ನಿಂತರೆ ಬೇಗ ಕೊಳೆಯುತ್ತದೆ. ನೆಲದ ಪಾತಿಗೆ ಊರಿನದು, ಜಗಲಿಯ ಕುಂಡಕ್ಕೆ ಡಚ್. ಭಾಗಮಂಡಲ, ನಾಪೋಕ್ಲು ಕಡೆಯವರು ಇದನ್ನು ಬದಲಾಯಿಸಲು ಹೋಗಬೇಡಿ.

ನೆಡುವಾಗ ಪೂರ್ತಿ ಹೂಳಬಾರದು. ಗೆಡ್ಡೆಯ ಕತ್ತು, ಮೇಲಿನ ಮೂರನೇ ಒಂದು ಭಾಗ ಹೊರಗೆ ಕಾಣುತ್ತಿರಲಿ. ಗೆಡ್ಡೆಯಿಂದ ಗೆಡ್ಡೆಗೆ ಒಂದಡಿ. ಹೂ ಮುಗಿದ ಮೇಲೆ ಬರುವ ಎಲೆಗಳನ್ನು ಚೆಂದ ಕಾಣಲ್ಲ ಅಂತ ಕತ್ತರಿಸುವವರಿದ್ದಾರೆ, ದಯವಿಟ್ಟು ಬೇಡ. ಈ ಗೆಡ್ಡೆ ಸರಿಸುಮಾರು ನಾಲ್ಕು ಎಲೆ ಬಿಟ್ಟರೆ ಒಳಗೆ ಒಂದು ಹೂದಂಟಿನ ಮೊಗ್ಗು ಕಟ್ಟುತ್ತದೆ. ಮಳೆಗಾಲದಲ್ಲಿ ಎಂಟು ಎಲೆ ಬಿಟ್ಟ ಗಿಡ ಮುಂದಿನ ಬೇಸಿಗೆಗೆ ಎರಡು ದಂಟು ಕೊಡುವ ಸಾಧ್ಯತೆ ಅದರಿಂದಲೇ. ಹಾಗಾಗಿ ಗೊಬ್ಬರ ಕೊಡಬೇಕಾದ ಕಾಲ ಹೂ ಬರುವ ಮುಂಚೆ ಅಲ್ಲ, ಹೂ ಮುಗಿದ ಕೂಡಲೇ.

ಕಪ್ಪು ಮೈಮೇಲೆ ಬಿಳಿ, ಕೇಸರಿ ಚುಕ್ಕೆಯ ಕಂಬಳಿಹುಳು ಬಂದರೆ ತಡಮಾಡಬೇಡಿ. ಅದು ಲಿಲ್ಲಿ ಪತಂಗದ ಮರಿ. ಎರಡು ಮೂರು ದಿನದಲ್ಲಿ ಎಲೆಯನ್ನೆಲ್ಲ ತಿಂದು ಕತ್ತಿನವರೆಗೆ ಇಳಿಯುತ್ತದೆ. ಬೆಳಿಗ್ಗೆ ಎದ್ದು ಕೈಯಲ್ಲೇ ಆರಿಸಿ ಸೋಪು ನೀರಿಗೆ ಹಾಕುವುದೇ ಸುಲಭ.

ಡೇರೆ, ಗ್ಲಾಡಿಯೋಲಸ್, ಸುಗಂಧರಾಜ

ಮಲೆನಾಡಿನ ಹೆಂಗಸರು ಡೇರೆ ಅಂತ ಕರೆಯುವ ಡೇಲಿಯಾ ಮೆಕ್ಸಿಕೋದ ಬೆಟ್ಟದ ಗಿಡ. ನಮ್ಮ ತಂಪು ಇದಕ್ಕೆ ಹಿಡಿಸುತ್ತದೆ. ಮೇ ತಿಂಗಳ ಮಳೆಗೆ ಗೆಡ್ಡೆ ಚಿಗುರುತ್ತದೆ, ಆಗಸ್ಟ್‌ನಿಂದ ಹೂ. ಅಂದ್ರೆ ಮಳೆಯಲ್ಲಿ ಇದು ಬೆಳೆಯುತ್ತಿರುತ್ತದೆ, ಆ ಲೆಕ್ಕದಲ್ಲಿ ಪಾಸು. ಆದರೆ ಕಾಂಡ ಟೊಳ್ಳು, ಗೆಡ್ಡೆ ನೀರು ತುಂಬಿದ್ದು, ಎರಡಕ್ಕೂ ನಿಂತ ನೀರು ಆಗದು. ಏರು ಮಡಿ ಇಲ್ಲದೆ ಡೇರೆ ಹಾಕಬೇಡಿ. ತಟ್ಟೆಯಷ್ಟು ದೊಡ್ಡ ಹೂವಿನ ತಳಿಗಳು ಮಳೆನೀರು ತುಂಬಿಕೊಂಡು ಕತ್ತು ಮುರಿದು ಬೀಳುತ್ತವೆ. ಚೆಂಡಿನಂತೆ ಒತ್ತಾಗಿರುವ ಚಿಕ್ಕ ಪಾಂಪಾನ್ ಹೂ ಮಳೆಗೂ ನಿಲ್ಲುತ್ತದೆ. ದೊಡ್ಡ ಹೂವೇ ಬೇಕು ಅನ್ನುವವರು ಸೂರಿನ ಕೆಳಗೆ, ಇರಚಲು ಹೊಡೆಯದ ಕಡೆ ಗ್ರೋ ಬ್ಯಾಗ್‌ನಲ್ಲಿ ಬೆಳೆಸಿ. ಹೂ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ತೆಗೆದು ಒಣ ಮರಳಿನಲ್ಲೋ ಬೂದಿಯಲ್ಲೋ ಇಡಿ. ತೆಗೆಯುವಾಗ ಗೆಡ್ಡೆಯ ಜೊತೆ ಹಳೇ ಕಾಂಡದ ಬುಡ ಸ್ವಲ್ಪ ಇರಲೇಬೇಕು, ಕಣ್ಣು ಇರುವುದು ಅಲ್ಲಿ. ಬುಡ ಕಳಚಿದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ.

ಗ್ಲಾಡಿಯೋಲಸ್ ಬೇರೆ ಲೆಕ್ಕ. ಅದನ್ನು ಮಳೆ ಮುಗಿಯುತ್ತಾ ಬಂದಾಗ ನೆಟ್ಟು ಚಳಿಗಾಲದಲ್ಲಿ ಹೂ ಕೊಯ್ದು, ಬೇಸಿಗೆಗೆ ಗೆಡ್ಡೆ ಕಿತ್ತಿಡಬೇಕು. ಒಂದು ದಂಟು ಒಂದು ಸಲ ಹೂ ಬಿಟ್ಟರೆ ಮುಗಿಯಿತು, ಜಾಗ ಖಾಲಿ. ಹೂದಾನಿಗೆ ಸೊಗಸು, ಬಾರ್ಡರ್‌ಗೆ ಅಷ್ಟೇನೂ ಅಲ್ಲ. ತರಕಾರಿ ಸಾಲಿನ ಪಕ್ಕ ಒಂದು ಸಾಲು ಹಾಕಿಕೊಳ್ಳಿ, ಸಾಕು.

ಸುಗಂಧರಾಜಕ್ಕೆ ಬಿಸಿಲು, ಬೆಚ್ಚಗಿನ ಮಣ್ಣು ಬೇಕು. ಕುಶಾಲನಗರ, ಹೆಬ್ಬಾಲೆ, ಶಿರಂಗಾಲ ಕಡೆಯವರು ಧೈರ್ಯವಾಗಿ ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ‘ಪ್ರಜ್ವಲ್’, ‘ಶೃಂಗಾರ್’ ಒಂಟಿ ಸುತ್ತಿನವು, ‘ಸುವಾಸಿನಿ’, ‘ವೈಭವ್’ ಹಲವು ಸುತ್ತಿನವು. ಮನೆ ಮುಂದೆ ಸಂಜೆ ಪರಿಮಳಕ್ಕೆ ಒಂಟಿ ಸುತ್ತಿನವೇ ವಾಸಿ. ಮಡಿಕೇರಿಯಲ್ಲಿ ಸುಗಂಧರಾಜದ ಆಸೆ ಬಿಟ್ಟು ಸುರುಳಿ ಸುಗಂಧಿ ಹಾಕಿ. ಬಿಳಿ ಚಿಟ್ಟೆಯಂಥ ಹೂ, ಪರಿಮಳದಲ್ಲಿ ಒಂದು ಕೈ ಮೇಲೇ. ಶುಂಠಿ ಜಾತಿಯದ್ದಾದ್ದರಿಂದ ಅದಕ್ಕೆ ಎಷ್ಟು ನೀರಿದ್ದರೂ ಬೇಕು.

ನೀರು ಕುಡಿಯುವ ಗೆಡ್ಡೆಗಳು

ಚರಂಡಿ ಪಕ್ಕ, ಸೂರಿನ ನೀರು ಬೀಳುವ ಕಡೆ, ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಕೆಳಗೆ ಒರತೆ ಬರುವ ಜಾಗ, ಇಂಥ ಒಂದು ಮೂಲೆ ಕೊಡಗಿನ ಎಲ್ಲ ಮನೆಯಲ್ಲೂ ಇರುತ್ತದೆ. ಅಲ್ಲಿಗೆ ಸುರುಳಿ ಸುಗಂಧಿ, ಕಾಬಾಳೆ, ಸ್ಪೈಡರ್ ಲಿಲ್ಲಿ, ಕ್ಯಾಲಾ ಲಿಲ್ಲಿ. ಇವುಗಳಲ್ಲಿ ಕಾಬಾಳೆ ಯಾರ ಕೈಯಲ್ಲೂ ಬರುತ್ತದೆ, ಆದರೆ ಹರಡುತ್ತದೆ. ಸಣ್ಣ ಪಾತಿಗೆ ಬೇಡ. ಕ್ಯಾಲಾಗೆ ತಂಪು ಬೇಕು, ಮಡಿಕೇರಿಯಂಥ ಎತ್ತರದ ಕಡೆ ಹಾಕಿ. ನೆರಳಿದ್ದು ನೀರು ನಿಲ್ಲದ ಮೂಲೆಗೆ ಫುಟ್‌ಬಾಲ್ ಲಿಲ್ಲಿ. ವರ್ಷಕ್ಕೆ ಒಂದೇ ಸಲ, ಮಳೆಯ ಮುಂಚೆ, ನೂರಾರು ಸಣ್ಣ ಕೆಂಪು ಹೂ ಸೇರಿ ಒಂದು ಚೆಂಡು. ಒಂದು ವಾರ ಇರುತ್ತದೆ. ಚಳಿಗಾಲದಲ್ಲಿ ಮೇಲೆ ಏನೂ ಕಾಣುವುದಿಲ್ಲ, ಹಾಗಾಗಿ ಪಕ್ಕದಲ್ಲಿ ಒಂದು ಗೂಟ ನೆಟ್ಟಿಡಿ, ಇಲ್ಲಾಂದ್ರೆ ಅಗೆಯುವಾಗ ಗುದ್ದಲಿ ಅದರ ಮೇಲೇ ಬೀಳುತ್ತದೆ.

ಪಾತಿಯ ಮುಂದಿನ ಅಂಚಿಗೆ ಮಳೆ ಲಿಲ್ಲಿ. ಇದರಲ್ಲಿ ಗುಲಾಬಿ ಬಣ್ಣದ್ದು ಬೇಸಿಗೆಯ ಮೊದಲ ಮಳೆ ಬಿದ್ದ ಕೆಲವೇ ದಿನಕ್ಕೆ ಒಟ್ಟಿಗೇ ಅರಳುತ್ತದೆ, ಬಿಳಿಯದು ಮಳೆಗಾಲದ ಕೊನೆಯ ತಿಂಗಳುಗಳಲ್ಲಿ. ಬಿಳಿಯದರ ಎಲೆ ದಪ್ಪ, ಹುಲ್ಲಿನಂತೆ ವರ್ಷವಿಡೀ ಹಸಿರು. ಒಂದೇ ಕೊಳ್ಳುವುದಾದರೆ ಬಿಳಿಯದು ಕೊಳ್ಳಿ. ಎರಡೂ ಬೆರೆಸಿ ನೆಟ್ಟರೆ ಇನ್ನೂ ಒಳ್ಳೆಯದು.

ಆಗಪಾಂಥಸ್ ಬಗ್ಗೆ ಪ್ರತ್ಯೇಕ ಹೇಳಬೇಕು. ನಿಜವಾದ ಗೆಡ್ಡೆ ಅಲ್ಲ, ದಪ್ಪ ಬೇರಿನ ಗಿಡ. ನೀಲಿ ಹೂವಿನ ಗೊಂಚಲು ಎರಡು ಮೂರಡಿ ದಂಟಿನ ತುದಿಯಲ್ಲಿ ಬರುತ್ತದೆ, ಎಲೆ ವರ್ಷವಿಡೀ ಹಸಿರು. ಇದರ ಬೇರು ಒತ್ತಾಗಿ ಹೆಣೆದುಕೊಳ್ಳುವುದರಿಂದ ಮನೆ ಪಕ್ಕದ ಸಣ್ಣ ಇಳಿಜಾರಿನ ಮೇಲ್ಮಣ್ಣು ತೊಳೆದು ಹೋಗದಂತೆ ಹಿಡಿಯುತ್ತದೆ. ಎತ್ತರದ ಬರೆ ಕಡಿದು ಹೂವಿನ ಗಿಡ ಹಾಕಿದರೆ ಸರಿಹೋಗುತ್ತದೆ ಅಂತ ಮಾತ್ರ ಯಾರೂ ನಂಬಬೇಡಿ. 2018ರ ಆಗಸ್ಟ್ ತಿಂಗಳ ಭೂಕುಸಿತ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾತಿಗೋಸ್ಕರ ಬರೆ ಕಡಿಯಬೇಡಿ, ಇದ್ದ ಇಳಿಜಾರಿನಲ್ಲೇ ನೆಡಿ.

ಜೊತೆ ಗಿಡ ಯಾಕೆ, ಯಾವುದು

ಗೆಡ್ಡೆಯ ಹೂ ಎರಡು ಮೂರು ವಾರ. ಆಮೇಲೆ ಎಲೆ, ಆಮೇಲೆ ಹಳದಿ ಎಲೆ, ಆಮೇಲೆ ಬರೀ ಮಣ್ಣು. ಬರೀ ಗೆಡ್ಡೆ ಹಾಕಿದ ಪಾತಿ ಏಪ್ರಿಲ್‌ನಲ್ಲಿ ಫೋಟೋ ತೆಗೆಯುವ ಹಾಗಿದ್ದು, ಜನವರಿಯಲ್ಲಿ ಅಗೆದು ಬಿಟ್ಟ ಜಾಗದ ಹಾಗೆ ಕಾಣುತ್ತದೆ. ಅದಕ್ಕೇ ವರ್ಷಗಟ್ಟಲೆ ಉಳಿಯುವ ಗಿಡಗಳು ಜೊತೆಗೆ ಬೇಕು. ಪೆಂಟಾಸ್, ಸಾಲ್ವಿಯಾ, ಡೇ ಲಿಲ್ಲಿ, ಸೇವಂತಿಗೆ, ಬಿಗೋನಿಯಾ, ಜರಿಗಿಡ, ಲಿರಿಯೋಪೆ, ಆಫ್ರಿಕನ್ ಐರಿಸ್, ಹೀಗೆ ಪಟ್ಟಿ ದೊಡ್ಡದಿದೆ. ಬಣ್ಣಕ್ಕೆ ಬಣ್ಣ ಹೊಂದಿಸಿ ಆರಿಸುವುದು ಎಲ್ಲರೂ ಮಾಡುತ್ತಾರೆ. ನಾನು ಹೇಳುವುದು ನೀರಿಗೆ ನೀರು ಹೊಂದಿಸಿ ಅಂತ.

ಯಾಕೆ ಅಂದ್ರೆ, ಅಮರಿಲ್ಲಿಸ್‌ಗೆ ಜನವರಿಯಲ್ಲಿ ಒಣಗು ಬೇಕು. ಅದರ ಪಕ್ಕದಲ್ಲಿ ಸೇವಂತಿಗೆ ನೆಟ್ಟರೆ ಅದಕ್ಕೆ ಜನವರಿಯಲ್ಲಿ ದಿನಾ ನೀರು ಬೇಕು, ಆಗ ಅದು ಹೂವಿನಲ್ಲಿರುತ್ತದೆ. ನೀವು ಪೈಪ್ ಹಿಡಿದು ಸೇವಂತಿಗೆಗೆ ಬಿಟ್ಟ ನೀರು ಅಮರಿಲ್ಲಿಸ್ ಬುಡಕ್ಕೂ ಹೋಗುತ್ತದೆ. ಅದು ಮಲಗುವುದೇ ಇಲ್ಲ, ಎಲೆ ಬಿಡುತ್ತಲೇ ಇರುತ್ತದೆ, ಮಾರ್ಚ್‌ನಲ್ಲಿ ಹೂ ಕಡಿಮೆ. ಅಮರಿಲ್ಲಿಸ್ ಹೂ ಬಿಡ್ತಿಲ್ಲ ಅಂತ ಹೇಳುವ ಮನೆಗಳಲ್ಲಿ ಮೊದಲು ನಾನು ನೋಡುವುದು ಪಕ್ಕದಲ್ಲಿ ಏನಿದೆ ಅಂತ. ಬಹಳ ಸಲ ಗುಲಾಬಿಯೋ ಸೇವಂತಿಗೆಯೋ ಇರುತ್ತದೆ. ಆದ್ದರಿಂದ ಅಮರಿಲ್ಲಿಸ್ ಜೊತೆ ಬೇಸಿಗೆ ತಡೆಯುವ ಗಿಡ ಹಾಕಿ: ಆಫ್ರಿಕನ್ ಐರಿಸ್, ಲಿರಿಯೋಪೆ, ಡೇ ಲಿಲ್ಲಿ, ಇಲ್ಲವೇ ನೇರಳೆ ಮಕಮಲ್ಲಿನಂಥ ಹೂವಿನ ಸಾಲ್ವಿಯಾ. ಈ ಸಾಲ್ವಿಯಾ ಮಳೆ ಕಳೆದ ಮೇಲೆ ಹೂ ಬಿಡಲು ಶುರುಮಾಡಿ ಚಳಿಗಾಲವಿಡೀ ಇರುತ್ತದೆ, ನೀರು ಕೇಳುವುದಿಲ್ಲ. ಹೂ ಮುಗಿದ ಮೇಲೆ ಬುಡದವರೆಗೆ ಕತ್ತರಿಸಿದರೆ, ಅಮರಿಲ್ಲಿಸ್ ದಂಟು ಏಳುವಾಗ ಮುಂದೆ ಅಡ್ಡ ಏನೂ ಇರುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ಇದು.

ಸೇವಂತಿಗೆಯನ್ನು ಡೇರೆ ಜೊತೆ ಹಾಕಿ. ಎರಡಕ್ಕೂ ಏರು ಮಡಿ, ಪೂರ್ತಿ ಬಿಸಿಲು, ಜಾಸ್ತಿ ಗೊಬ್ಬರ, ಆಸರೆಗೆ ಕೋಲು ಬೇಕು. ಡೇರೆ ಮುಗಿಯುವಾಗ ಹಗಲು ಚಿಕ್ಕದಾಗಿರುತ್ತದೆ, ಸೇವಂತಿಗೆ ಮೊಗ್ಗು ಕಟ್ಟುವುದು ಅದಕ್ಕೇ. ಹಿಂದೆ ಡೇರೆ, ಮುಂದೆ ಸೇವಂತಿಗೆ. ಆಗಸ್ಟ್‌ನಿಂದ ಜನವರಿವರೆಗೆ ಆ ಪಾತಿ ಖಾಲಿ ಕಾಣುವುದಿಲ್ಲ.

ಆಗಪಾಂಥಸ್ ಹಿಂದೆ ಹೈಡ್ರೇಂಜಿಯಾ. ಅದು ಪೊದೆ ಗಿಡ, ಆದರೂ ಬಾರ್ಡರ್ ಮಾತಿನಲ್ಲಿ ಬಿಡಲಾಗದು. ಕೊಡಗಿನ ಮಣ್ಣು ಹೆಚ್ಚಿನ ಕಡೆ ಹುಳಿ, ಹಾಗಾಗಿ ಹೈಡ್ರೇಂಜಿಯಾ ನಮ್ಮಲ್ಲಿ ತಾನಾಗಿ ನೀಲಿ ಬರುತ್ತದೆ. ಕಾಫಿ ಗಿಡಕ್ಕೆ ಸುಣ್ಣ ಹಾಕುವಾಗ ಇದರ ಬುಡಕ್ಕೂ ಹಾಕಿದರೆ ಗುಲಾಬಿಗೆ ತಿರುಗುತ್ತದೆ. ನೀಲಿ ಬೇಕಾದವರು ಸುಣ್ಣ ದೂರ ಇಡಿ. ಮಧ್ಯಾಹ್ನದ ಬಿಸಿಲು ತಪ್ಪಿಸಿ ಹೈಡ್ರೇಂಜಿಯಾ, ಅದರ ಮುಂದೆ ಬೆಳಗಿನ ಬಿಸಿಲು ಬೀಳುವ ಕಡೆ ಆಗಪಾಂಥಸ್, ಅಂಚಿಗೆ ಬಿಳಿ ಮಳೆ ಲಿಲ್ಲಿ. ಮೂರೂ ವರ್ಷವಿಡೀ ನಿಲ್ಲುವಂಥವು, ಅಗೆಯುವ ಕೆಲಸವೇ ಇಲ್ಲ. ಕೆಲಸಕ್ಕೆ ಜನ ಸಿಗದ ಈ ಕಾಲದಲ್ಲಿ ವಯಸ್ಸಾದವರು ಇಬ್ಬರೇ ಇರುವ ಮನೆಗಳಿಗೆ ನಾನು ಇದನ್ನೇ ಹೇಳುವುದು.

ಸಿಲ್ವರ್ ಓಕ್ ಕೆಳಗೆ, ಮನೆಯ ಉತ್ತರದ ಬದಿ, ಬಿಸಿಲು ಬರದ ಕಡೆ ಇನ್ನೊಂದು ಜೋಡಿ: ಫುಟ್‌ಬಾಲ್ ಲಿಲ್ಲಿ, ಜರಿಗಿಡ, ಬಿಗೋನಿಯಾ. ನಡುವೆ ಎರಡು ಬುಡ ಮದ್ದು ಸೊಪ್ಪು ಹಾಕಿ. ನೆರಳಲ್ಲಿ ಚೆನ್ನಾಗಿ ಹಬ್ಬುತ್ತದೆ, ಕಕ್ಕಡ 18ಕ್ಕೆ ಇದರ ರಸ ಹಾಕಿ ಮಾಡುವ ಪಾಯಸಕ್ಕೆ ಹುಡುಕಿಕೊಂಡು ಹೋಗುವುದೂ ತಪ್ಪುತ್ತದೆ. ಹೂವಿನ ಪಾತಿಯಲ್ಲಿ ಇದನ್ನು ಯಾಕೆ ನೆಡುವುದಿಲ್ಲವೋ, ಎಲೆ ಎಷ್ಟು ಚೆಂದ ಇದೆ!

ತೋಕ್ ಪೂವ್ ಬಗ್ಗೆಯೂ ಕೇಳುತ್ತಾರೆ. ಕೈಲ್‌ಪೊಳ್ದ್ ಹಬ್ಬಕ್ಕೆ, ಅಂದ್ರೆ ಸೆಪ್ಟೆಂಬರ್ ಶುರುವಿನ ಕೊಡವರ ಆಯುಧದ ಹಬ್ಬಕ್ಕೆ, ಕೋವಿಗೆ ಮುಡಿಸುವ ಅದೇ ಗೌರಿ ಹೂ. ಇದೂ ಗೆಡ್ಡೆಯೇ, ಮಳೆಗೆ ಚಿಗುರಿ ಬಳ್ಳಿಯಾಗಿ ಹತ್ತಿ, ಹಬ್ಬದ ಹೊತ್ತಿಗೆ ಅರಳಿ, ಆಮೇಲೆ ಒಣಗುತ್ತದೆ. ಬೇಲಿ ಪಕ್ಕ ನೆಡಲು ತುಂಬಾ ಒಳ್ಳೆಯದು. ಆದರೆ ಗೆಡ್ಡೆಯಲ್ಲಿ, ಬೀಜದಲ್ಲಿ ಕಾಲ್ಚಿಸಿನ್ ಎಂಬ ಕಡು ವಿಷ ಇದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಗೆಣಸು ಬೆಳೆಯುವ ಜಾಗದ ಹತ್ತಿರ ಬೇಡ. ಅಮರಿಲ್ಲಿಸ್ ಗೆಡ್ಡೆಯೂ ಈರುಳ್ಳಿಯ ಹಾಗೇ ಕಾಣುತ್ತದೆ, ಅದೂ ವಿಷ. ಕಿತ್ತಿಟ್ಟ ಗೆಡ್ಡೆಗಳನ್ನು ಅಡಿಗೆಮನೆಯ ಬುಟ್ಟಿಯಲ್ಲಿ ಇಡಬೇಡಿ. ಬೆಕ್ಕು ಸಾಕಿದವರು ಡೇ ಲಿಲ್ಲಿಯನ್ನೂ ಏಶಿಯಾಟಿಕ್ ಲಿಲ್ಲಿಯನ್ನೂ ಪೂರ್ತಿ ಬಿಡಿ, ಬೆಕ್ಕಿನ ಮೂತ್ರಪಿಂಡಕ್ಕೆ ಅವು ಮಾರಕ.

ಬೇಡ ಅನ್ನುವ ಗಿಡಗಳನ್ನೂ ಹೇಳಿಬಿಡುತ್ತೇನೆ. ಲ್ಯಾವೆಂಡರ್‌ಗೆ ಹುಳಿ ಮಣ್ಣು, ಒದ್ದೆ ಎರಡೂ ಆಗದು. ಆಸೆಯಿದ್ದರೆ ಕುಂಡದಲ್ಲಿ, ಸೂರಿನ ಕೆಳಗೆ. ಗೇಲಾರ್ಡಿಯಾ, ಕೋರಿಯಾಪ್ಸಿಸ್ ಕುಶಾಲನಗರದ ಕಡೆ ಚಿನ್ನದಂಥ ಗಿಡ, ಮಡಿಕೇರಿಯಲ್ಲಿ ಜುಲೈ ದಾಟುವುದು ಕಷ್ಟ. ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ನೆಲ ಮುಚ್ಚಲು ಕೆಲವರು ಕೊಡುತ್ತಾರೆ. ಅದು ಪಾತಿ ಬಿಟ್ಟು ತೋಟಕ್ಕೆ ಇಳಿದರೆ ತೆಗೆಯಲು ಆಗದು. ಲಂಟಾನ ಅಂತೂ ಮಾತೇ ಬೇಡ.

ಬಣ್ಣದ ಬಗ್ಗೆ ಒಂದೇ ಮಾತು. ಕಕ್ಕಡದ ಮಂಜಿನಲ್ಲಿ ಕಡುಗೆಂಪು, ನೇರಳೆ ಕಾಣುವುದೇ ಇಲ್ಲ, ಬಿಳಿ, ತಿಳಿ ಹಳದಿ ದೂರಕ್ಕೂ ಕಾಣುತ್ತವೆ. ಮಳೆಗಾಲದ ಹೂಗಳನ್ನು ಬಿಳಿಯಲ್ಲೂ, ಬೇಸಿಗೆಯ ಹೂಗಳನ್ನು ಕೆಂಪಿನಲ್ಲೂ ಆರಿಸಿ.

ಮಡಿ, ಮಣ್ಣು, ಹಂದಿ

ಏರು ಮಡಿ ಒಂದಡಿ ಎತ್ತರ ಇರಲಿ, ಮಡಿಕೇರಿಯಿಂದ ಪಶ್ಚಿಮಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಇಳಿಜಾರಿಗೆ ಅಡ್ಡವಾಗಿ ಮಡಿ ಮಾಡಿ ಮೇಲ್ಬದಿಯಲ್ಲಿ ಸಣ್ಣ ಚರಂಡಿ ತೆಗೆದರೆ ಮೇಲಿಂದ ಬರುವ ನೀರು ಪಾತಿಯೊಳಗೆ ನುಗ್ಗುವುದಿಲ್ಲ. ಕಾಡುಮಣ್ಣು, ಮರಳು, ಚೆನ್ನಾಗಿ ಕೊಳೆತ ಕಾಫಿ ಸಿಪ್ಪೆ ಗೊಬ್ಬರ ಬೆರೆಸಿ. ಸಿಪ್ಪೆ ಪೂರ್ತಿ ಕೊಳೆತಿರಬೇಕು. ಅರ್ಧ ಕೊಳೆತದ್ದು ಬಿಸಿಯಾಗಿ ಗೆಡ್ಡೆ ಸುಡುತ್ತದೆ, ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬರುತ್ತದೆ. ಗೆಡ್ಡೆಯ ಬುಡಕ್ಕೆ ಒಂದು ಹಿಡಿ ಮರಳು ಹಾಕಿ ಅದರ ಮೇಲೆ ಕೂರಿಸಿ. ಮಳೆಗಾಲದಲ್ಲಿ ಗೆಡ್ಡೆಯ ಕತ್ತಿನ ಸುತ್ತ ದರಗು ಮುಚ್ಚಬೇಡಿ, ಬಸವನಹುಳು ಅಲ್ಲೇ ಸೇರಿಕೊಳ್ಳುತ್ತದೆ. ಬೇಸಿಗೆಗೆ ಮುಚ್ಚಿ.

ಇನ್ನು ಹಂದಿ. ಗೊಬ್ಬರ ಹಾಕಿದ ಮೆತ್ತನೆ ಮಣ್ಣಿನಲ್ಲಿ ಎರೆಹುಳು, ಗೊಣ್ಣೆಹುಳು ಹುಡುಕಿಕೊಂಡು ಬಂದು ರಾತ್ರೋರಾತ್ರಿ ಪಾತಿ ಮಗುಚಿ ಹಾಕುತ್ತದೆ. ಮುಳ್ಳುಹಂದಿ ಗೆಡ್ಡೆಯನ್ನೇ ತಿನ್ನುತ್ತದೆ. ಈ ಕಾಟ ಇರುವ ಕಡೆ ಆಯ್ಕೆ ಬೇರೆಯೇ ಆಗುತ್ತದೆ. ಡೇರೆ, ಗ್ಲಾಡಿಯೋಲಸ್, ಕಾಬಾಳೆಯ ಗೆಡ್ಡೆಗಳಿಗೆ ರುಚಿ ಇದೆ, ಅವು ಉಳಿಯುವುದು ಅನುಮಾನ. ಅಮರಿಲ್ಲಿಸ್, ಸ್ಪೈಡರ್ ಲಿಲ್ಲಿ, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿ ಎಲ್ಲ ಒಂದೇ ಕುಟುಂಬದವು, ವಿಷದ ಕಹಿ ಇರುವುದರಿಂದ ಅವನ್ನು ಪ್ರಾಣಿಗಳು ಸಾಮಾನ್ಯವಾಗಿ ತಿನ್ನುವುದಿಲ್ಲ. ಹಂದಿ ಕಿತ್ತು ಹಾಕಿದರೂ ಬೆಳಿಗ್ಗೆ ಆರಿಸಿ ಮತ್ತೆ ನೆಟ್ಟರೆ ಹಿಡಿದುಕೊಳ್ಳುತ್ತವೆ. ಕಾಡಂಚಿನ ಮನೆಯವರು ಈ ಕುಟುಂಬ ಬಿಟ್ಟು ಆಚೆ ಹೋಗದಿದ್ದರೆ ನೆಮ್ಮದಿ.

ಗೆಡ್ಡೆ ಎಲ್ಲಿಂದ ತರೋದು? ಊರ ಅಮರಿಲ್ಲಿಸ್, ಮಳೆ ಲಿಲ್ಲಿ, ಸುರುಳಿ ಸುಗಂಧಿ ಇವನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ, ಅಕ್ಕಪಕ್ಕದ ಮನೆಯಲ್ಲಿ ಕೇಳಿದರೆ ಕೊಡುತ್ತಾರೆ. ಕೇಳುವುದು ಹೂ ಇದ್ದಾಗ, ಬಣ್ಣ ನೋಡಿ ಗುರುತಿಗೆ ದಂಟಿಗೊಂದು ದಾರ ಕಟ್ಟಿ ಬನ್ನಿ. ಹೂ ಮುಗಿದ ಮೇಲೆ ದಾರವನ್ನು ಗೆಡ್ಡೆಯ ಕತ್ತಿಗೆ ಇಳಿಸಿಡಲು ಮನೆಯವರಿಗೆ ಹೇಳಿ. ಕೀಳುವುದು ಜನವರಿಯಲ್ಲಿ, ಎಲೆ ಒಣಗಿದ ಮೇಲೆ. ತಾಯಿ ಗೆಡ್ಡೆ ಅಲ್ಲೇ ಬಿಟ್ಟು ನಿಂಬೆಹಣ್ಣಿನ ಗಾತ್ರಕ್ಕಿಂತ ದೊಡ್ಡ ಮರಿಗಳನ್ನು ಮಾತ್ರ ತಗೊಳ್ಳಿ. ಅದಕ್ಕಿಂತ ಚಿಕ್ಕವು ಹೂ ಬಿಡಲು ಎರಡು ಮೂರು ವರ್ಷ ಹಿಡಿಯುತ್ತದೆ. ನರ್ಸರಿಯಲ್ಲಿ ಕೊಳ್ಳುವುದಾದರೆ ಒತ್ತಿ ನೋಡಿ. ಬುಡದ ತಟ್ಟೆ ಗಟ್ಟಿಯಿರಬೇಕು, ಮೆತ್ತಗಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಹೊರಸಿಪ್ಪೆಯ ಮೇಲೆ ಇಟ್ಟಿಗೆ ಕೆಂಪಿನ ಮಚ್ಚೆ ಕಂಡರೆ ಅದು ಶಿಲೀಂಧ್ರ ರೋಗ ಇರಬಹುದು. ಒಂದು ಗೆಡ್ಡೆಯಿಂದ ಇಡೀ ಪಾತಿಗೆ ಹಬ್ಬುತ್ತದೆ, ಅಂಥದ್ದನ್ನು ಮನೆಗೆ ತರಲೇಬೇಡಿ. ತಂದ ಗೆಡ್ಡೆಗಳನ್ನು ನೆರಳಲ್ಲಿ ಎರಡು ದಿನ ಆರಲು ಬಿಟ್ಟು, ಫೆಬ್ರವರಿ ಮುಗಿಯುವುದರೊಳಗೆ ನೆಟ್ಟುಬಿಡಿ. ನೆಟ್ಟ ದಿನ ಒಂದು ಸಲ ನೀರು ಕೊಟ್ಟರೆ ಸಾಕು, ಮುಂದಿನದು ಹೂಮಳೆ ಬಿದ್ದ ಮೇಲೆ.